ಷಡ್ಡಕ ಮಲಗಿಕೊಂಡೇ ಸರಿಮಾಡಿದ ಕಂಟೇನರ್

ನನ್ನ ಷಡ್ಡಕನಷ್ಟು ಹೊಟ್ಟೆ ಉರಿಸುವ ಮನುಷ್ಯ ಇಡೀ ಗುಜರಾತಿನಲ್ಲಿ ಇನ್ನೊಬ್ಬನಿಲ್ಲ! ಜಗಳಗಂಟನೇ? ಅಲ್ಲ. ಜಂಬವೇ? ಅದೂ ಇಲ್ಲ. ಇದ್ದಿದ್ದರೆ ಬಯ್ಯುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಅವನು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಇರುವುದು ವಡೋದರಾದಲ್ಲಿ. ನಾನು ಅಹಮದಾಬಾದಿನಲ್ಲಿ. ಇಬ್ಬರೂ ಧಾರವಾಡದ ಕಡೆಯವರು, ಇಬ್ಬರದೂ ಸಾಫ್ಟ್‌ವೇರ್ ಕೆಲಸ. ಆದರೂ ನಮ್ಮಲ್ಲಿ ಬಂದು ಉಳಿದಿದ್ದ ಅತ್ತೆಯ ಬಾಯಲ್ಲಿ ಅವನು ‘ನಮ್ಮ ಅಳಿಯಾ’, ನಾನು ಬರೀ ‘ದೊಡ್ಡಾಕಿ ಗಂಡ’!

ಮನುಷ್ಯ ಮಾತ್ರ ವಿಚಿತ್ರ. ಗುಜರಾತಿ ಮದುವೆಯೂಟದಲ್ಲಿ ಜೇಬಿನಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಸಿಹಿ ದಾಲ್‌ಗೆ ಸುರಿದುಕೊಳ್ಳುತ್ತಾನೆ. ನಾನು ಹಾಗೆ ಮಾಡಿದ್ದರೆ ಹೆಂಡತಿ ಅಲ್ಲೇ ಮಾನ ಕಳೆಯುತ್ತಿದ್ದಳು. ಅವನು ಮಾಡಿದರೆ? ಅಕ್ಕಪಕ್ಕದವರೆಲ್ಲ ತಟ್ಟೆ ಚಾಚುತ್ತಾರೆ!

ಇಂಥವನ ಮುಂದೆ ಕೈಯೊಡ್ಡುವ ಗತಿ ನನಗೆ ಬಂತು. ನಮ್ಮೂರಿನದೇ ವಟ್ವಾ ಬಡಾವಣೆಯ ಬಣ್ಣದ ಕಾರ್ಖಾನೆಯೊಂದಕ್ಕೆ ನಾನು ಮಾಡಿಕೊಟ್ಟ ದಾಸ್ತಾನಿನ ಅಪ್ಲಿಕೇಶನ್ ದಿನಾ ಮಧ್ಯಾಹ್ನ ಸಾಯುತ್ತಿತ್ತು. ಅದು ಓಡುವುದು ಕಂಟೇನರಿನಲ್ಲಿ. ಸರ್ವರಿನೊಳಗೆ ಅದಕ್ಕೆಂದೇ ಬೇರೆ ಮಾಡಿಕೊಟ್ಟ ಜಾಗ, ಇಷ್ಟೇ ಮೆಮೊರಿ ಅಂತ ಮಿತಿ. ಮೀರಿದರೆ ಸಿಸ್ಟಮ್ ಮುಲಾಜಿಲ್ಲದೆ ಕೊಲ್ಲುತ್ತದೆ. ನಾನು ಮಿತಿ ಹೆಚ್ಚಿಸಿದೆ. ಸತ್ತಿತು. ಇನ್ನೂ ಹೆಚ್ಚಿಸಿದೆ. ಗಡದ್ದಾಗಿ ತಿಂದು ಸತ್ತಿತು! ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಾರ್ಖಾನೆಯವರು ಹೇಳಿಬಿಟ್ಟರು. ನಮ್ಮ ಆಫೀಸಿನ ಮ್ಯಾನೇಜರ್ ನನ್ನ ನಮಸ್ಕಾರಕ್ಕೂ ಉತ್ತರ ಕೊಡುವುದನ್ನು ಬಿಟ್ಟ. ಹೆಂಡತಿ ನನ್ನನ್ನು ಕೇಳದೆಯೇ ವಡೋದರಾಕ್ಕೆ ಫೋನ್ ಮಾಡಿದಳು.

ಶನಿವಾರ ಬೆಳಿಗ್ಗೆ ಬಂದಿಳಿದ. ಲ್ಯಾಪ್‌ಟಾಪ್ ಮುಂದೆ ಕುರ್ಚಿ ಹಾಕಿದರೆ ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ.

“ಅಣ್ಣಾ, ಸೆಟ್ಟಿಂಗ್ ಓದ್ರಿ, ನಾ ಕೇಳ್ತೀನಿ.”

ಓದಿದೆ, ಪುರಾಣ ಓದಿದ ಹಾಗೆ!

“ಕಂಟೇನರಿನ ಮಿತಿ ಎಷ್ಟೈತ್ರಿ?”

“ನಾಕು ಜಿಬಿ.”

“ಅದರಾಗ ಪ್ರೋಗ್ರಾಮ್ ತನ್ನ ಡೇಟಾ ಇಟ್ಕೊಳ್ಳೂ ಹೀಪಿಗೆ ಎಷ್ಟು ಕೊಟ್ಟೀರಿ?”

“ನಾಕೂ.”

“ಮತ್ತ ಥ್ರೆಡ್ಡು, ಬಫರು ಅಂತ ಅದರ ಉಳಿದ ಸಾಮಾನೆಲ್ಲ ಎಲ್ಲಿ ಕೂಡಬೇಕ್ರಿ? ಹೀಪ್ ಮೂರಕ್ಕ ಇಳಿಸ್ರಿ.”

ಅಯ್ಯೋ! ಮಿತಿ ಹೆಚ್ಚಿಸಿದಾಗಲೆಲ್ಲ ನಾನು ಹೀಪನ್ನೂ ಅಷ್ಟಕ್ಕೇ ಏರಿಸುತ್ತಿದ್ದೆ. ಇಳಿಸಿದೆ. ಮಧ್ಯಾಹ್ನ ಕಳೆಯಿತು, ಸಂಜೆಯೂ ಆಯಿತು. ಅಪ್ಲಿಕೇಶನ್ ಗುಂಡುಕಲ್ಲಿನ ಹಾಗೆ ಇತ್ತು.

“ಮಲಕೊಂಡ ಸರಿ ಮಾಡಿದ ನೋಡು!” ಎಂದರು ಅತ್ತೆ. “ಎದ್ದು ಕೂತಿದ್ರ ಇನ್ನೇನ್ ಮಾಡ್ತಿದ್ನೋ!”

ಸ್ಟೇಷನ್ನಿಗೆ ಬಿಡಲು ಹೋದಾಗಲೂ ನನ್ನ ಹೊಟ್ಟೆಯ ಉರಿ ಆರಿರಲಿಲ್ಲ. ರೈಲಿನ ಕಿಟಕಿ ಪಕ್ಕ ಕೂತವನಿಗೆ ಮಗಳ ಫೋನ್ ಬಂತು. ಅವಳು ಗುಜರಾತಿಯಲ್ಲಿ ಪಟಪಟ ಮಾತಾಡಿದಳು. ಇವನು ಕನ್ನಡದಲ್ಲಿ ಏನೋ ಕೇಳಿದ. ಆ ಕಡೆಯಿಂದ ನಗು, ಆಮೇಲೆ ಫೋನ್ ಕಟ್.

“ಊಟಕ್ಕ ಕೂತಾಗ ನಿಮ್ಮ ಮಗಳು ‘ಕಾಕಾ, ಇನ್ನೊಂದು ರೊಟ್ಟಿ ಹಾಕ್ಲೇನು’ ಅಂದ್ಲಲ್ಲ,” ಎಂದ ಅವನು. “ಖರೇ ಹೇಳ್ತೀನಿ ಅಣ್ಣಾ, ಅದನ್ನ ಮತ್ತ ಕೇಳಾಕಂತ ಇನ್ನೂ ಎರಡು ರೊಟ್ಟಿ ತಿಂದೆ. ನನ್ನ ಕೂಸಿಗೆ ನನ್ನ ಕನ್ನಡ ಕೇಳಿದ್ರ ನಗಿ ಬರ್ತೈತಿ.”

ರೈಲು ಅಲುಗಿತು. ಕಿಟಕಿಯ ಜೊತೆಗೇ ಓಡುತ್ತ ಕೂಗಿದೆ:

“ಸಾಲಿಗೆ ರಜಾ ಬಿಟ್ಟ ಕೂಡಲೆ ಆಕೀನ್ನ ಕರ್ಕೊಂಡು ಬಾರೋ! ನಮ್ಮನ್ಯಾಗ ಬಿಡು! ಹುಡುಗ್ಯಾರಿಬ್ರೂ ಕೂಡಿ ಇರಲಿ!”

ಅವನು ಏನೋ ಹೇಳಿದ, ಕೇಳಿಸಲಿಲ್ಲ. ಕೈ ಮಾತ್ರ ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಕಿಟಕಿಯ ಹೊರಗೇ ಇತ್ತು.