ಟಾಂಕಿಯ ತಳದಲ್ಲಿ ಅತ್ತೆಯ ನಗು

ಇವತ್ತು ಹಾಲು ಕಾಯಿಸಿದೆ, ಕೂಲರ್‌ಗೆ ನೀರು ತುಂಬಿದೆ, ನಾಳೆಗೆಂದು ಕಡಲೆ ನೆನೆಹಾಕಿದೆ, ಇವರ ಫ್ಯಾಕ್ಟರಿ ಅಂಗಿಗೆ ಗುಂಡಿ ಹೊಲಿದೆ, ನೀರಿನ ತಳದಿಂದ ಅತ್ತೆಯ ಹಲ್ಲು ಎತ್ತಿದೆ, ಒಣಗಿದ ಬಟ್ಟೆ ಮಡಚಿಟ್ಟೆ. ಹೀಗೆ ಸಾಲಾಗಿ ಹೇಳಿಕೊಂಡರೆ ಯಾವ ಕೆಲಸವೂ ದೊಡ್ಡದೆನಿಸುವುದಿಲ್ಲ, ನೋಡಿ.

ನಾಗಪುರದ ಬಜಾಜ್ ನಗರದ ನಮ್ಮ ಬಾಡಿಗೆ ಮನೆಯಲ್ಲಿ ನಳದ ನೀರು ಅಂಗಳದ ನೆಲದೊಳಗಿನ ಟಾಂಕಿಗೆ ಬೀಳುತ್ತದೆ. ಟಾಂಕಿ ತುಂಬಿತು ಎಂದು ಯಾರು ಹೇಳಿದರೂ ಅತ್ತೆ ನಂಬುವುದಿಲ್ಲ. ತಾವೇ ಬಗ್ಗಿ ನೋಡಬೇಕು. ಇವತ್ತು ಬಗ್ಗಿದರು, ಸೀನಿದರು. ಮೇಲಿನ ಹಲ್ಲಿನ ಸೆಟ್ಟು ಪುಳಕ್ಕೆಂದು ಒಳಗೆ ಹೋಯಿತು. ಬಾಯಿಗೆ ಸೆರಗು ಒತ್ತಿಕೊಂಡು ಕಟ್ಟೆಯ ಮೇಲೆ ಕೂತವರು ಮಾತೇ ಆಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅಂಥ ಮೌನ ಕೇಳಿರಲಿಲ್ಲ. ಸುಳ್ಳೇಕೆ ಹೇಳಲಿ, ಮೊದಮೊದಲು ಹಿತವಾಗಿಯೇ ಇತ್ತು. ಆದರೆ ಅವಲಕ್ಕಿ ತಟ್ಟೆ ಸರಿಸಿದರು, ಚಹಾಕ್ಕೂ ತಲೆಯಲ್ಲಾಡಿಸಿದರು. ಆಗ ನನಗೆ ಹೆದರಿಕೆಯಾಯಿತು. ಹೊಸ ಸೆಟ್ಟಿಗೆ ವಾರಗಟ್ಟಲೆ ಬೇಕು. ನಾಳೆ ನಮ್ಮಲ್ಲೇ ಕನ್ನಡದ ಹೆಂಗಸರ ಭಜನೆ, ಹಾಡು ಎತ್ತಿಕೊಡುವವರು ಅತ್ತೆಯೇ. ಟಾಂಕಿ ಖಾಲಿ ಮಾಡೋಣವೆಂದರೆ, ಮೇ ತಿಂಗಳ ಈ ಊರಿನಲ್ಲಿ ನೀರು ಚೆಲ್ಲಿದವರನ್ನು ಓಣಿ ಕ್ಷಮಿಸೀತೇ?

ರಜೆಯಿದ್ದುದರಿಂದ ಇವರು ಮನೆಯಲ್ಲೇ ಇದ್ದರು. ಸುದ್ದಿ ಕೇಳಿ ಮುಖ ಅರಳಿಸಿದರು! ಮುಳುಗಿದ ಹಡಗುಗಳನ್ನು ಹುಡುಕಲು ಮನುಷ್ಯರು ಕೂತು ಇಳಿಯುವ ಪುಟ್ಟ ಜಲಾಂತರ್ನೌಕೆಯ ವಿಡಿಯೊಗಳನ್ನು ಇವರು ಎಷ್ಟೋ ದಿನದಿಂದ ನೋಡುತ್ತಿದ್ದಾರೆ.

"ಮೂರು ಮಂದಿ ಒಂದ ಗೋಳದಾಗ ಕುಂತು ತಾಸುಗಟ್ಟಲೆ ಕತ್ತಲದಾಗ ಇಳೀತಾರ."

"ಅದರಾಗ ಬಚ್ಚಲಾ ಇರ್ತದೇನ್ರೀ?"

"ಎಲ್ಲಿ ಬಚ್ಚಲಾ! ಬಾಟ್ಲಿ."

ಮೂರು ಮಂದಿಯ ನಮ್ಮ ಮನೆಗೆ ಬಚ್ಚಲಾದರೂ ಇದೆಯಲ್ಲ ಎಂದು ದೇವರಿಗೆ ಕೈಮುಗಿದೆ.

ಇಳಿಯಲು ಭಾರ ಕಟ್ಟಿಕೊಳ್ಳುತ್ತಾರಂತೆ, ಏರಲು ಅದನ್ನೇ ಕಳಚಿ ಬಿಡುತ್ತಾರಂತೆ. ದೀಪವನ್ನು ಎದುರಿನಿಂದ ಹಿಡಿದರೆ ನೀರಿನ ಧೂಳೇ ಹೊಳೆದು ಕಣ್ಣು ಕಟ್ಟುತ್ತದೆ, ಅದಕ್ಕೇ ಓರೆಯಾಗಿ ಹಿಡಿಯಬೇಕು. ಮುಟ್ಟುವ ಮೊದಲು ಸುತ್ತಲಿನ ಫೋಟೊ ತೆಗೆಯಬೇಕು. ಒಳಗೆ ಕೂತವನು ಯಂತ್ರದ ಕೈ ಆಡಿಸಿ, ವಸ್ತುವನ್ನು ಮೆಲ್ಲಗೆ ಎತ್ತಿ ಮುಂದಿನ ಬುಟ್ಟಿಯಲ್ಲಿಡುತ್ತಾನೆ. ಇಷ್ಟು ಪಾಠ ಹೇಳಿ ಇವರು ನನ್ನ ಉಪ್ಪಿನಕಾಯಿ ಭರಣಿ ಖಾಲಿ ಮಾಡಿದರು. ಗಾಜಿನ ಭರಣಿಯೊಳಗೆ ಹೊತ್ತಿಸಿದ ಬ್ಯಾಟರಿ ದೀಪ, ಮುಳುಗಲೆಂದು ತೂಕದ ಕಲ್ಲು, ಕುತ್ತಿಗೆಗೆ ಹಗ್ಗ.

ಭರಣಿ ಇಳಿಯಿತು. ಮೂಲೆಯಲ್ಲಿ ಕಿಸಿದ ಹಲ್ಲು ಕಂಡಿತು. ಅತ್ತೆ ಅಷ್ಟು ಹೊತ್ತು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಫೋಟೊ ತೆಗೆದದ್ದಾಯಿತು. ಇವರು ಜೇಡರ ಬಲೆ ತೆಗೆಯುವ ಕೋಲಿಗೆ ರೊಟ್ಟಿಯ ಚಿಮಟಾ ಕಟ್ಟಿ ತಳಕ್ಕೆ ಚುಚ್ಚಿದರು. ರಾಡಿ ಎದ್ದು ನೀರೆಲ್ಲ ಮಜ್ಜಿಗೆಯಾಯಿತು. ಅದೇ ಹೊತ್ತಿಗೆ ಮೇಲಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ಬಾಲ್ಕನಿಯಿಂದ, "ಅಗೋಬಾಯಿ! ಕಾಯ್ ಪಡ್ಲಂ?" ಎಂದು ಕೇಳಿದರು. ಏನು ಬಿತ್ತು ಎಂದು ಹೇಗೆ ಹೇಳಲಿ? ಅತ್ತೆ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು.

"ಚಮಚಾ, ಕಾಕು," ಎಂದೆ.

ಒಂದು ಚಮಚಕ್ಕೆ ಮನೆಮಂದಿಯೆಲ್ಲ ಅಂಗಳಕ್ಕಿಳಿದಿದ್ದನ್ನು ಕಂಡು ಕಾಕು ಕನಿಕರದಿಂದ ಒಳಗೆ ಹೋದರು. ಅತ್ತೆಯ ಹಿಡಿತ ಸಡಿಲಾಯಿತು. ಅದೇ ಕೈ ನನ್ನ ಕೈಯನ್ನು ಮೆಲ್ಲಗೆ ತಟ್ಟಿತು.

"ರಾಡಿ ಎದ್ರ ಆ ವಿಡಿಯೊದವ್ರು ಏನ್ ಮಾಡ್ತಾರ್ರೀ?" ಎಂದು ಇವರನ್ನು ಕೇಳಿದೆ.

"ಮೋಟರ್ ಬಂದ್ ಮಾಡಿ ಸುಮ್ನ ಕುಂಡ್ರತಾರ."

"ಹಂಗಾರ ನೀವೂ ಬಂದ್ ಆಗ್ರಿ."

ಮೂವರೂ ಟಾಂಕಿಯ ಬಾಯಿಗೆ ತಲೆ ಕೂಡಿಸಿ ಬೋರಲಾಗಿ ಮಲಗಿ ಕಾದೆವು. ಆ ಗೋಳದೊಳಗಿನವರೂ ಹೀಗೇ ಒಬ್ಬರ ಉಸಿರು ಒಬ್ಬರಿಗೆ ತಾಗುವಂತೆ ಕೂರುತ್ತಾರೇನೋ. ನೀರು ತಿಳಿಯಾದ ಮೇಲೆ ಕೋಲಿಗೆ ಚಹಾ ಸೋಸುವ ಜಾಳಿಗೆ ಕಟ್ಟಿದೆ. ಇವರು ಬೆಳಕನ್ನು ಓರೆಯಾಗಿ ಹಿಡಿದರು, ಅತ್ತೆ ಬೆರಳಿನಲ್ಲಿ ಎಡ-ಬಲ ತೋರಿಸಿದರು. ತಳ ಕೆದಕದೆ ಜಾಳಿಗೆಯನ್ನು ಹಲ್ಲಿನ ಕೆಳಗೆ ಸರಿಸಿ, ಉಸಿರು ಬಿಗಿಹಿಡಿದು ಎತ್ತಿದೆ.

"ಸಮುದ್ರದಿಂದ ತಂದದ್ದನ್ನ ಲಗೂನ ಒಣಗಸಬಾರ್ದವ್ವಾ, ನೀರಾಗ ಇಡ್ಬೇಕು," ಎಂದು ಇವರು ಹೇಳುವುದರೊಳಗೆ ಅತ್ತೆ ಕಸಿದುಕೊಂಡು, ಬಿಸಿನೀರಲ್ಲಿ ತೊಳೆದು, ಬಾಯಿಗೆ ಕೂರಿಸಿಕೊಂಡರು. ಮೊದಲ ಮಾತು ಬಂತು: "ಚಾ ಸೋಸೂದ ಬೇಕಾಗಿತ್ತೇನ ನಿನಗ? ಇನ್ನ ಅದರಾಗ ಸೋಸಿದ ಚಾ ಕುಡೀಬೇಕೇನ ನಾವು?"

"ಸಂಪರ್ಕ ಬಂತು," ಎಂದರು ಇವರು, ಮುಳುಗಿದ ನೌಕೆಯಿಂದ ದನಿ ಕೇಳಿದವರಂತೆ. ನನಗೆ ಕಣ್ಣು ತುಂಬಿ ಬಂತು.

ಮಧ್ಯಾಹ್ನ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಅತ್ತೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡರು. ಊಟವಾದ ಮೇಲೆ ಕೂಲರ್ ಮುಂದೆ ಅಡ್ಡಾಗಿ ನನ್ನ ತಪ್ಪುಗಳನ್ನು ಮೊದಲಿಂದ ಶುರುಮಾಡಿದರು. ಇವತ್ತೊಂದು ದಿನ ಪೂರ್ತಿ ಕೇಳಬೇಕು, ಎದುರು ಮಾತಾಡಬಾರದು ಎಂದು ಮನಸ್ಸು ಗಟ್ಟಿ ಮಾಡಿ ಪಕ್ಕದಲ್ಲೇ ಒರಗಿದೆ. "ರೊಟ್ಟಿ ದಪ್ಪ ಬಡದಿದ್ದಿ" ಎನ್ನುವವರೆಗೆ ಕೇಳಿದ ನೆನಪು. ಮೊದಲು ನಿದ್ದೆ ಹೋದವಳು ನಾನೇ.