ಅತ್ತೆಗೆ ಪ್ರಿಂಟ್ ಮಾಡಿದ ಮಾತ್ರೆ

ಪಾಠ ಹೇಳುವವನ ಮರ್ಯಾದೆ ಕಾಲೇಜಿನ ಗೇಟಿನವರೆಗೆ ಮಾತ್ರ. ಗೇಟು ದಾಟಿದರೆ ಅದು ಹೋಗುತ್ತಲೇ ಇರುತ್ತದೆ, ನನಗಂತೂ ಅಭ್ಯಾಸವಾಗಿದೆ.

ನಾನು ಬ್ರಹ್ಮಾವರದ ಹತ್ತಿರ ಫಾರ್ಮಸಿ ಮೇಷ್ಟ್ರು. ಅಮೆರಿಕದಲ್ಲಿ ಪ್ರಿಂಟ್ ಮಾಡಿದ ಮಾತ್ರೆಗೆ ಒಪ್ಪಿಗೆ ಸಿಕ್ಕಿತಂತೆ ಎಂಬ ಸುದ್ದಿ ಬಂದ ಮೇಲೆ ನಮ್ಮ ಕಾಲೇಜಿಗೂ ಒಂದು ತ್ರೀಡಿ ಪ್ರಿಂಟರ್ ಬಂತು. ಅದಕ್ಕೆ ಕಾಗದ ಬೇಡ, ಶಾಯಿ ಬೇಡ. ಹಿಟ್ಟಿನಂಥ ಪಾಕವನ್ನು ಸಣ್ಣ ಮೂತಿಯಿಂದ ಪದರದ ಮೇಲೆ ಪದರ ಇಟ್ಟು ಮಾತ್ರೆ ಕಟ್ಟುತ್ತದೆ. ನಾವು ಮಾಡುತ್ತಿದ್ದದ್ದು ಮದ್ದು ಹಾಕದ ಮಾದರಿಗಳನ್ನು ಮಾತ್ರ. ಆದರೂ ನನಗೆ ಆಸೆ. ಕೋಟದಲ್ಲಿರುವ ನನ್ನ ಸೋದರತ್ತೆಗೆ ಬಿಪಿ ಜೋರು. ಮಾತ್ರೆ ಗಂಟಲಲ್ಲಿ ಸಿಕ್ಕುತ್ತದೆ ಎಂದು ದಿನಾ ರಗಳೆ. ಡಾಕ್ಟರು ಡೋಸು ಏರಿಸಿದರೂ ಬಿಪಿ ಇಳಿಯದು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಬಾಯಲ್ಲಿಟ್ಟ ಕೂಡಲೇ ಕರಗುವ ಮಾತ್ರೆ ಬಂದರೆ ಅತ್ತೆ ಇನ್ನೂ ಹತ್ತಾರು ವರ್ಷ ನನ್ನನ್ನು ಬೈದುಕೊಂಡು ಇರಬಹುದಲ್ಲ!

ಎರಡೂ ಬದಿ

ಸುದ್ದಿ ಕೇಳಿ ಪಕ್ಕದ ಮನೆಯ ದಿನಸಿ ಅಂಗಡಿಯವರು ಸಕ್ಕರೆ ಕಾಯಿಲೆಯ ಒಂದು ಮಾತ್ರೆ ಹಿಡಿದುಕೊಂಡು ಬಂದರು.

"ಹ್ವಾಯ್ ಮೇಷ್ಟ್ರೇ, ಇದ್ ಭಾರೀ ತುಟ್ಟಿ. ಒಂದ್ ಹತ್ತ್ ಕಾಪಿ ತೆಗ್ದ್ ಕೊಡಿ ಕಾಂಬ."

ಇದು ಜೆರಾಕ್ಸ್ ಅಲ್ಲ, ಮದ್ದು ಬೇರೆ, ಆಕಾರ ಬೇರೆ ಎಂದು ಗಂಟಲು ಒಣಗುವಷ್ಟು ವಿವರಿಸಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿದರು. ಕೊನೆಗೆ ಮಾತ್ರೆಯನ್ನು ತಿರುಗಿಸಿ ತೋರಿಸಿದರು.

"ಅದೆಲ್ಲ ಸರಿ. ಎರಡೂ ಬದಿ ತೆಗ್ದ್ ಕೊಡಿ ಆಯ್ತಾ, ಹಿಂದೆ ಒಂದ್ ಗೆರಿ ಇತ್ತ್."

ಬಂಗುಡೆ

ಪ್ರಿಂಟರನ್ನೂ ಹೊತ್ತುಕೊಂಡು ಮರವಂತೆಗೆ ಒಂದು ಭಾಷಣಕ್ಕೆ ಹೋದೆ. ಮಕ್ಕಳಿಗೆ ಇಷ್ಟವಾದ ಆಕಾರದಲ್ಲಿ ಮಾತ್ರೆ ಮಾಡಬಹುದು ಎಂದೆ. ಮೀನು ಮಾರುವ ಹೆಂಗಸೊಬ್ಬರು ಬಂಗುಡೆ ಮೀನಿನ ಆಕಾರ ಕೇಳಿದರು. ಸಕ್ಕರೆ ಪಾಕದಲ್ಲಿ ಅಲ್ಲೇ ಒಂದು ಮಾಡಿ ಕೊಟ್ಟೆ. ಅವರು ಅಂಗೈಯಲ್ಲಿಟ್ಟು ನೋಡಿ, "ಇದ್ ಬಂಗುಡೆ ಅಲ್ಲ ಮಾರಾಯ್ರೆ, ಬೂತಾಯಿ" ಎಂದರು. ಇರಲಿ, ಮೀನು ಎಂದಾದರೂ ಒಪ್ಪಿದರಲ್ಲ.

ಮುಂದಿನ ವಾರ ಹಟ್ಟಿಯಂಗಡಿಯಲ್ಲಿ ಭಾಷಣ. ಒಬ್ಬ ಹಿರಿಯ ಭಟ್ಟರಿಗೆ ಗುಂಡಗಿನ ಸಕ್ಕರೆ ಮಾತ್ರೆ ಕೊಟ್ಟೆ. ಮರವಂತೆಯ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಆ ಮೀನ್ ಮಾಡಿದ್ ಮಿಷಿನೇ ಅಲ್ದಾ ಇದ್?"

"ಹೌದು ಭಟ್ರೇ, ಆದ್ರೆ ಬರೀ ಸಕ್ಕರೆ. ಮೀನಿನ ವಾಸನೆಯೂ ಇಲ್ಲ."

ಅವರು ಮಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟರು. "ಸಕ್ರಿ ಅಡ್ಡಿಲ್ಲ. ಮಿಷಿನಿಗ್ ಸ್ನಾನ ಆಯ್ತಾ?"

ಕರಗಿತು

ಕೊನೆಗೆ ಕೋಟದಲ್ಲೇ ಸಭೆ. ಮಾತ್ರೆ ನುಂಗಲಾರದವರಿಗೆ ಇದು ವರ ಎಂದು ತೋರಿಸಲು ಅತ್ತೆಯನ್ನೇ ವೇದಿಕೆಗೆ ಕರೆದೆ. ಅವರಿಗೆ ಬಿಪಿ ಮದ್ದು ಕೊಡುವ ಡಾಕ್ಟರೇ ಮುಖ್ಯ ಅತಿಥಿ. ಮದ್ದಿಲ್ಲದ ಮಾದರಿ ಎಂದು ಹೇಳಿಯೇ ಅತ್ತೆಯ ನಾಲಗೆಯ ಮೇಲೆ ಒಂದು ಇಟ್ಟೆ. ನಾನು ನೀರಿನ ಲೋಟ ಎತ್ತುವುದರೊಳಗೆ ಕರಗಿತ್ತು. ಸಭೆ ಚಪ್ಪಾಳೆ ತಟ್ಟಿತು. ನನ್ನ ಕಣ್ಣಲ್ಲಿ ನೀರೇ ಬಂತು.

ಡಾಕ್ಟರು ಮೈಕ್ ಹಿಡಿದು ಕೇಳಿದರು: "ಹೇಗಿದೆ ಅಮ್ಮ? ನಾನು ಕೊಡುವ ಮಾತ್ರೆಗಿಂತ ಒಳ್ಳೇದಲ್ವಾ?"

ಅತ್ತೆ ಬಾಯೊಳಗೆಲ್ಲ ನಾಲಗೆ ಆಡಿಸಿ ಹುಡುಕಿದರು. ಮುಖ ಸಪ್ಪಗಾಯಿತು.

"ಇದ್ ಬ್ಯಾಡ ಡಾಕ್ಟ್ರೇ, ನಿಮ್ದೇ ಅಡ್ಡಿಲ್ಲ. ಅದನ್ನ ನಾಲ್ಗಿ ಅಡಿಗ್ ಇಟ್ಕಂಡ್ರೆ ಎಲ್ಲರೂ ಆಚೆ ಹೋದ್ ಮೇಲೆ ಉಗುಳುಕೆ ಆತಿತ್. ಇದ್ರಗೆ ಉಗುಳುಕೆ ಎಂತದೂ ಉಳಿತಿಲ್ಲ ಕಾಣಿ!"

ಡಾಕ್ಟರು ಮೈಕನ್ನು ಮತ್ತೆ ಬಾಯಿಯ ಹತ್ತಿರ ತಂದರು.

"ಅಮ್ಮಾ, ಹಾಗಾದ್ರೆ ನಾನು ಇಷ್ಟು ದಿನ ಏರಿಸಿ ಏರಿಸಿ ಕೊಟ್ಟ ಮಾತ್ರೆ ಎಲ್ಲಾ?"

"ಅಂಗಳದ್ ಅಬ್ಬಲಿಗಿ ಗಿಡದ್ ಬುಡಕ್ಕೆ" ಎಂದರು ಅತ್ತೆ. "ನೀವ್ ಡೋಸ್ ಏರ್ಸದ್ದೇ ಏರ್ಸದ್ದ್, ಗಿಡ ಒಣಗಿ ಸತ್ತೇ ಹೋಯ್ತ್. ನಾನ್ ತಿಂದಿದ್ರೆ ಎಂತ ಆತಿತ್ ಹೇಳಿ!"