ಜಡ್ಜಮ್ಮನಿಗೆ ಜ್ವರ ಇಲ್ಲ

ನನಗೆ ನಗುವೇ ಬರುವುದಿಲ್ಲ ಎಂದು ನಮ್ಮ ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದಾರೆ. ಇದು ಶುದ್ಧ ಅಪಪ್ರಚಾರ. ನನಗೂ ನಗು ಬರುತ್ತದೆ. ಬರುವ ಮೊದಲು ನಾನು ಅದನ್ನು ಸ್ವಲ್ಪ ಪರಿಶೀಲಿಸುತ್ತೇನೆ, ಅಷ್ಟೆ. (ಪರಿಶೀಲನೆ ಮುಗಿಯುವ ಹೊತ್ತಿಗೆ ಉಳಿದವರು ನಕ್ಕು ಮುಗಿಸಿ ಊಟಕ್ಕೆ ಎದ್ದಿರುತ್ತಾರೆ. ಅದಕ್ಕೆ ನಾನೇನು ಮಾಡಲಿ?)

ಈ ಗುಣದಿಂದಲೇ ನನ್ನ ಶಾಲೆ ನಿಂತುಹೋಯಿತು. ಹತ್ತನೆಯ ತರಗತಿಯಲ್ಲಿ ಕನ್ನಡ ಮೇಷ್ಟ್ರು ಒಂದು ದಿನ, "ಜ್ವರ ಬಂದಿರುವುದರಿಂದ ರಜೆ ಬೇಕೆಂದು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ" ಎಂದರು. ಎಲ್ಲರೂ ತಲೆ ತಗ್ಗಿಸಿ ಬರೆಯತೊಡಗಿದರು. ನಾನು ಹಣೆ ಮುಟ್ಟಿ ನೋಡಿಕೊಂಡೆ. ಸಂದೇಹ ಬೇಡವೆಂದು ಕುತ್ತಿಗೆಯನ್ನೂ ಮುಟ್ಟಿ ನೋಡಿಕೊಂಡೆ. ಆಮೇಲೆ ಎದ್ದು ನಿಂತು, "ಸರ್, ನನಗೆ ಜ್ವರ ಇಲ್ಲ" ಎಂದೆ.

ತರಗತಿಯಲ್ಲಿ ನಾನು ಬಾಯಿ ಬಿಡುತ್ತಿದ್ದುದೇ ಅಪರೂಪ. ಬಿಟ್ಟಾಗ ಆದದ್ದು ಇದು. ನಗು ಪಕ್ಕದ ತರಗತಿಗೂ ಹಬ್ಬಿತು. ಮೇಷ್ಟ್ರು ಅದನ್ನು ಜೋಪಾನವಾಗಿ ಸ್ಟಾಫ್ ರೂಮಿಗೆ ಕೊಂಡೊಯ್ದರು. ಮರುದಿನದಿಂದ ಗೇಟಿನ ಕಾವಲುಗಾರನೂ, "ಏನಮ್ಮಾ, ಇವತ್ತಾದ್ರೂ ಬಂತಾ ಜ್ವರ?" ಎಂದು ಕೇಳತೊಡಗಿದ. ನಾನು ಹೋಗುವುದನ್ನೇ ಬಿಟ್ಟೆ. ಮನೆಯಲ್ಲಿ ತಲೆನೋವು ಎಂದೆ. (ಹೇಳುತ್ತಾ ಹೇಳುತ್ತಾ ನಿಜವಾಗಿಯೂ ತಲೆ ನೋಯತೊಡಗಿದ್ದರಿಂದ ಇದನ್ನು ಪೂರ್ತಿ ಸುಳ್ಳು ಎನ್ನಲಾಗದು.)

ಮನೆಯಲ್ಲಿ ಕುಳಿತವಳಿಗೆ ಕೆಲಸ ಕೊಟ್ಟವರು ಮಾವ, ಎಂದರೆ ಅಮ್ಮನ ತಮ್ಮ. ನಮ್ಮ ಮುಂದಿನ ಕೋಣೆಯಲ್ಲೇ ಅವರ ವಾಸ. ಭಾನುವಾರ ಸಂಜೆ ಟಿವಿಯಲ್ಲಿ ಬರುವ ಹಾಸ್ಯ ಕಾರ್ಯಕ್ರಮಕ್ಕೆ ಸ್ಕಿಟ್ ಬರೆಯುವುದು ಅವರ ವೃತ್ತಿ. ಬರೆದದ್ದನ್ನೆಲ್ಲ ಮೊದಲು ನನಗೆ ಓದಿ ಹೇಳಿ, "ತೀರ್ಪು ಕೊಡಬೇಕು ಜಡ್ಜಮ್ಮ" ಎಂದು ಕೈಕಟ್ಟಿ ನಿಲ್ಲುತ್ತಿದ್ದರು. ಜೀವಮಾನದಲ್ಲಿ ನನ್ನ ಅಭಿಪ್ರಾಯ ಕೇಳಿದ ಮೊದಲ ವ್ಯಕ್ತಿ.

"ಮಾವ, ಅಳಿಯ ಹಿತ್ತಲ ಬಾಗಿಲಿಂದ ಓಡಿ ಬರ್ತಾನೆ ಅಂತ ಬರ್ದಿದ್ದೀರಿ. ಆದ್ರೆ ಅತ್ತೆ ಆಗ್ಲೇ ಒಳಗಿಂದ ಚಿಲಕ ಹಾಕಿದ್ದಾರಲ್ಲ."

"ಹೌದಾ?"

"ಹೌದು. ಮತ್ತೆ, ಅವನ ತಲೆ ಮೇಲೆ ಒಂದು ಬಕೆಟ್ ನೀರು ಬಿದ್ದಿದೆ. ಆಮೇಲೆ ಜೇಬಿಂದ ಚೀಟಿ ತೆಗೀತಾನೆ, ಅದು ಒದ್ದೆಯೇ ಆಗಿಲ್ಲ."

"ಅಬ್ಬಬ್ಬಾ! ಏನು ಕಣ್ಣಮ್ಮಾ ನಿಂದು!" ಎಂದು ಮಾವ ಆ ಜಾಗಗಳಿಗೆಲ್ಲ ಕೆಂಪು ಗೆರೆ ಎಳೆದುಕೊಳ್ಳುತ್ತಿದ್ದರು.

ಎಲ್ಲೋ ಒಂದು ಕಡೆ ತಪ್ಪಿಲ್ಲದ ಜಾಗ ಸಿಕ್ಕಿ ನಾನು ನಕ್ಕರೆ, ಅಲ್ಲಿಗೂ ಗೆರೆ ಬೀಳುತ್ತಿತ್ತು, ನೀಲಿಯದು. ಎಂಥ ಶ್ರದ್ಧೆ ಎಂದುಕೊಂಡೆ. ಆ ವಿಶ್ವಾಸದಲ್ಲೇ ಒಮ್ಮೆ, ಶಾಲೆ ಯಾಕೆ ಬಿಟ್ಟೆ ಎಂದು ಅವರು ಮೆಲ್ಲಗೆ ಕೇಳಿದಾಗ, ಜ್ವರದ ಕಥೆಯನ್ನು ಹೇಳಿಬಿಟ್ಟೆ. ಯಾರಿಗೂ ಹೇಳಬೇಡಿ ಎಂದೆ.

"ನನ್ನ ಹೊಟ್ಟೆ ಬಾವಿ ಇದ್ದ ಹಾಗೆ ಕಣಮ್ಮ" ಎಂದರು ಮಾವ. ಬಾವಿಯಿಂದ ನೀರು ಸೇದುತ್ತಾರೆ ಎಂಬುದನ್ನು ನಾನು ಪರಿಶೀಲಿಸಲಿಲ್ಲ.

ಅಪ್ಪನದು ಕನ್ನಡಕದ ಅಂಗಡಿ. ಅವರಿಗೆ ನನ್ನ ನ್ಯಾಯಾಧೀಶ ಹುದ್ದೆ ಯಾವ ಗಾಜು ಹಾಕಿ ನೋಡಿದರೂ ಕಾಣಿಸುತ್ತಿರಲಿಲ್ಲ.

"ಅವನು ಬರೆದ ಜೋಕಿಗೆ ಮುಖ ಗಂಟು ಹಾಕ್ಕೊಂಡು ಕೂರೋದು ಒಂದು ಕೆಲಸಾನಾ? ಶಾಲೆ ಶುರುವಾಗ್ತಿದೆ. ಸುಮ್ನೆ ಹೋಗಿ ಸೇರ್ಕೋ."

"ಭಾವ, ದುಡುಕಬೇಡಿ" ಎಂದು ಮಾವ ಅಡ್ಡ ಬಂದರು. "ಈ ಭಾನುವಾರದ ಸಂಚಿಕೆ ಪೂರ್ತಿ ಇವಳು ನೋಡಿ ತೀರ್ಪು ಕೊಟ್ಟಿದ್ದು. ಅದನ್ನ ನೋಡಿ. ಅದು ಕೆಲಸ ಅಲ್ಲ ಅನ್ನಿಸಿದ್ರೆ ನೀವು ಹೇಳಿದ ಹಾಗೆ ಶಾಲೆಗೆ."

ಅಪ್ಪ ಒಪ್ಪಿದರು. ನನ್ನ ಹಣೆಬರಹ ಹೀಗೆ ಒಂದು ಹಾಸ್ಯ ಸಂಚಿಕೆಯ ಕೊರಳಿಗೆ ಬಿತ್ತು. ಮತ್ತೆ ಆ ಗೇಟು, ಆ ಕಾವಲುಗಾರ ಬೇಡವೆಂದರೆ ಸಂಚಿಕೆ ಗೆಲ್ಲಲೇಬೇಕು.

ಭಾನುವಾರ ಅಪ್ಪ, ಅಮ್ಮ, ಪಕ್ಕದ ಮನೆಯ ಆಂಟಿ ಸೋಫಾ ತುಂಬ ಕುಳಿತರು. ನಾನು ಸೋಫಾದ ತುದಿಗೆ ಅಂಟಿಕೊಂಡೆ. ಮೊದಲ ಸ್ಕಿಟ್ ಶುರುವಾಯಿತು. ಅತ್ತೆ ಚಿಲಕ ಹಾಕಿದಳು. ಅಳಿಯ ಅದೇ ಬಾಗಿಲಿಂದ ಓಡಿ ಬಂದ! ನೀರು ಬಿತ್ತು. ಗರಿಗರಿಯಾದ ಒಣ ಚೀಟಿ ತೆಗೆದ!

"ಅಯ್ಯೋ, ಚಿಲಕ ಹಾಕಿತ್ತಲ್ರೀ!" ಎಂದು ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಾವ, ತಿದ್ದಲೇ ಇಲ್ಲವಾ?" ಎಂದೆ ಪಿಸುಮಾತಿನಲ್ಲಿ.

"ತಿದ್ದೋದಾ?" ಮಾವ ಎಲ್ಲರಿಗೂ ಕೇಳುವಂತೆಯೇ ಹೇಳಿದರು. "ಭಾವ, ಇವಳ ಮಹಿಮೆ ಈಗ ಹೇಳ್ತೀನಿ. ಎಲ್ಲಿ ಇವಳು ಮುಖ ಗಂಟು ಹಾಕ್ತಾಳೋ ಅಲ್ಲಿ ಕೆಂಪು ಗೆರೆ. ಅದನ್ನ ಕಣ್ಣು ಮುಚ್ಚಿ ಇಟ್ಕೋತೀನಿ. ಎಲ್ಲಿ ನಗ್ತಾಳೋ ಅಲ್ಲಿ ನೀಲಿ. ಅದನ್ನ ಹೊಡೆದು ಹಾಕ್ತೀನಿ. ಒಂದ್ಸಲವೂ ಲೆಕ್ಕ ತಪ್ಪಿಲ್ಲ!"

ಅಮ್ಮ, "ಏನೋ ಇದು, ಮಗು ಮುಂದೆ" ಎಂದು ತಮ್ಮನನ್ನು ಗದರಿದರು. ಆದರೆ ಅಪ್ಪ ಮೊಟ್ಟಮೊದಲ ಬಾರಿಗೆ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ತಪ್ಪು ದಿಕ್ಕು ತೋರಿಸುವುದರಲ್ಲಿ ಎಂದೂ ತಪ್ಪದ ದಿಕ್ಸೂಚಿಯೂ ಉಪಯೋಗದ ವಸ್ತುವೇ ತಾನೆ?

ಅವಮಾನ ನುಂಗಿಕೊಂಡೆ. ಶಾಲೆ ತಪ್ಪಿತಲ್ಲ ಎಂದು ಸಮಾಧಾನ ಹೇಳಿಕೊಳ್ಳುವಷ್ಟರಲ್ಲಿ ಕೊನೆಯ ಸ್ಕಿಟ್ ಬಂತು. ಹೆಸರು 'ಜಡ್ಜಮ್ಮ'. ಇದೊಂದನ್ನು ಮಾತ್ರ ಮಾವ ನನಗೆ ಓದಿ ಹೇಳಿರಲಿಲ್ಲ.

ಎರಡು ಜಡೆಯ ವಿಗ್ ಹಾಕಿಕೊಂಡು ಒಬ್ಬ ದಢೂತಿ ನಟ ಬೆಂಚಿನ ಮೇಲೆ ಕುಳಿತಿದ್ದ. ಮೀಸೆಯನ್ನು ಬೋಳಿಸುವ ಸೌಜನ್ಯವನ್ನೂ ತೋರಿಸಿರಲಿಲ್ಲ. ಮೇಷ್ಟ್ರ ಪಾತ್ರದವನು ರಜೆಯ ಪತ್ರ ಬರೆಯಲು ಹೇಳಿದ. ಮೀಸೆಯವನು ಹಣೆ ಮುಟ್ಟಿಕೊಂಡ. ಕುತ್ತಿಗೆ ಮುಟ್ಟಿಕೊಂಡ. ಅವನು ಎದ್ದು ನಿಂತು, ಹೆಣ್ಣು ದನಿ ಮಾಡಿ, "ಸಾಆಆರ್, ನನಗೆ ಜ್ವರ ಇಲ್ಲಾಆಆ" ಎಂದ.

ಆಂಟಿ ನಗುವಿನ ಭರದಲ್ಲಿ ನನ್ನ ಹೆಗಲ ಮೇಲೆಯೇ ಬಿದ್ದರು. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಮ್ಮ ಮಾತ್ರ ಟಿವಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ತಲೆನೋವು ಅಂದಿದ್ಯಲ್ಲೇ?" ಎಂದರು ಮೆಲ್ಲಗೆ.

ನಾನು ತಲೆ ತಗ್ಗಿಸಿದೆ. ಅಮ್ಮನಾದರೂ ನನ್ನ ಪರ ಎಂದುಕೊಂಡು ಮತ್ತೆ ತಲೆ ಎತ್ತಿದರೆ, ಅವರು ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದರು. ಭುಜಗಳು ಕುಲುಕುತ್ತಿದ್ದವು.

ಅಷ್ಟರಲ್ಲಿ ನಿರ್ದೇಶಕರ ಫೋನು ಬಂತು. ಮಾವ ಫೋನಿಟ್ಟು ಕುಣಿದರು. "ಜಡ್ಜಮ್ಮ ಪ್ರತಿ ವಾರ ಬೇಕಂತೆ!"

"ಇದಪ್ಪಾ ಕೆಲಸ ಅಂದ್ರೆ!" ಎಂದರು ಅಪ್ಪ. "ಇನ್ನು ಶಾಲೆ ಮಾತೆತ್ತಲ್ಲ ಮಗಳೇ. ಹಾಯಾಗಿ ಮನೇಲಿರು."

ನಾನು ಬಯಸಿದ್ದೆಲ್ಲ ಸಿಕ್ಕಿಬಿಟ್ಟಿತ್ತು. ಎದ್ದು ನಿಂತೆ.

"ನಾನು ಶಾಲೆಗೆ ಹೋಗ್ತೀನಿ."

ಮಾವ ಕುಣಿತ ನಿಲ್ಲಿಸಿದರು. ಶಾಲೆಯಲ್ಲಿ ನಗುವವರು ಹೊರಗಿನವರು. ಸಂಜೆ ಬೆಲ್ಲು ಹೊಡೆದರೆ ಅವರವರ ಮನೆಗೆ ಹೋಗುತ್ತಾರೆ. ಇಲ್ಲಿಯವರು ಎಲ್ಲಿಗೆ ಹೋಗುತ್ತಾರೆ?

"ಅಯ್ಯೋ, ನನ್ನ ಹೊಟ್ಟೆ ಮೇಲೆ ಹೊಡೀಬೇಡ್ವೇ ತಾಯಿ!" ಎಂದು ಮಾವ ಗೋಳಾಡಿದರು. "ಹೋಗ್ಲಿ, ತೀರ್ಪಾದ್ರೂ ಹೇಳು. ಹೇಗಿತ್ತು ಸ್ಕಿಟ್ಟು?"

ಬಯ್ಯಬೇಕೆನಿಸಿತು. ಆದರೆ ತೀರ್ಪು ಕೇಳಿದ ಮೇಲೆ ತೀರ್ಪನ್ನೇ ಹೇಳಬೇಕು. ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲೇ ಪರಿಶೀಲಿಸಿದೆ.

"ಒಂದು ತಪ್ಪಿದೆ" ಎಂದೆ. "ಅವತ್ತು ನಾನು ಎರಡು ಜಡೆ ಹಾಕಿರಲಿಲ್ಲ. ಒಂದೇ."

ಮಾವನ ಕೈ ತಾನಾಗಿ ಕೆಂಪು ಪೆನ್ನು ಹುಡುಕಿತು.

ಶಾಲೆ ಶುರುವಾಗುವ ದಿನ ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡು, ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ ಕಣ್ಣು ಕತ್ತಲಿಟ್ಟಿತು. ಅಮ್ಮ ಹಣೆ ಮುಟ್ಟಿ, "ಅಯ್ಯೋ, ಮೈ ಸುಡ್ತಾ ಇದೆ!" ಎಂದರು. ಅಪ್ಪ ನಂಬದೆ ಥರ್ಮಾಮೀಟರ್ ತರಿಸಿದರು. ಅದು ನನ್ನ ಪರ ಸಾಕ್ಷಿ ಹೇಳಿತು.

"ಸರಿ, ರಜೆ ಪತ್ರ ಬರೆದು ಕೊಡು. ಅಂಗಡಿಗೆ ಹೋಗ್ತಾ ಕೊಟ್ಟು ಹೋಗ್ತೀನಿ."

ಹೊದಿಕೆಯೊಳಗೆ ಕುಳಿತು ಬರೆದೆ. ಬರೆಯುವ ಮೊದಲು ಹಣೆ ಮುಟ್ಟಿಕೊಂಡೆ, ಕುತ್ತಿಗೆ ಮುಟ್ಟಿಕೊಂಡೆ. ಮಾನ್ಯರೇ, ನನಗೆ ಜ್ವರ ಬಂದಿರುವುದರಿಂದ ಇಂದು ತರಗತಿಗೆ ಬರಲು ಸಾಧ್ಯವಾಗುತ್ತಿಲ್ಲ. ದಯವಿಟ್ಟು ರಜೆ ನೀಡಬೇಕಾಗಿ ವಿನಂತಿ.

ಸಂಜೆ ಅಪ್ಪ ಮನೆಗೆ ಬಂದಾಗ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಲ್ಲಬೇಕಾಯಿತು. ನಗುವಿಗೆ ಮಾತೇ ಹೊರಡುತ್ತಿರಲಿಲ್ಲ.

"ಮುಖ್ಯೋಪಾಧ್ಯಾಯರು ಓದಿ... ಕನ್ನಡ ಮೇಷ್ಟ್ರನ್ನ ಕರೆದ್ರು... ಅವರು ತರಗತಿಗೆ ತಗೊಂಡು ಹೋಗಿ ಗಟ್ಟಿಯಾಗಿ ಓದಿದ್ರು... ಎಲ್ಲ ಎದ್ದು ನಿಂತು ಚಪ್ಪಾಳೆ!"

ಮುಂದಿನ ಕೋಣೆಯಿಂದ ಮಾವ ಇಣುಕಿದರು. "ಜಡ್ಜಮ್ಮ, ಪತ್ರದಲ್ಲಿ ಏನು ಬರ್ದಿದ್ದೆ? ಒಂದಕ್ಷರವೂ ಬಿಡದೆ ಹೇಳಮ್ಮ."

ನಾನು ಗೋಡೆಯ ಕಡೆ ತಿರುಗಿ ಮಲಗಿ, ಆ ಪತ್ರವನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಪರಿಶೀಲಿಸಿದೆ. ಅದರಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ.